ನೈಟ್ ಡ್ಯೂಟಿ

ಈ ವ್ಯಾನು ಮೊದಲು ಬೇಕರಿಯದು.
ಎಂಟು ವರ್ಷ ಮರಿಜೋಸೆಫ್ ಇದರ ತುಂಬ ಬನ್ನು ಹೇರಿಕೊಂಡು
ಮೈಸೂರಿನಿಂದ ಬನ್ನೂರಿನ ತನಕ ಅಂಗಡಿ ಅಂಗಡಿ ತಿರುಗಿದ.
ಹೊಸ ವ್ಯಾನು ಬಂದ ದಿನ
ಹಳೆಯದನ್ನು ಮಾಲೀಕರು ಇವನ ತಲೆಗೆ ಕಟ್ಟಿದರು,
ಬಾಕಿ ಸಂಬಳದ ಬದಲಿಗೆ.
ಮೂರು ದಿನ ನಾನು ಮಾತು ಬಿಟ್ಟೆ.

ಟ್ರೇ ಜಾರಿಸುತ್ತಿದ್ದ ಕಂಬಿಗಳಿಗೇ ಹಲಗೆ ಬಡಿದ.
ಒಂದು ಕಿಟಕಿ ಕೊರೆದ. ನಾಲ್ಕು ಮಂಚ.
ಐದು ಜನಕ್ಕೆ ನಾಲ್ಕು ಯಾಕೆ ಅಂದರೆ
'ನೀನು ಯಾವತ್ತು ರಾತ್ರಿ ಮಲಗಿದ್ದೀಯ?' ಅಂದ.
ಅದೂ ನಿಜ. ಹನ್ನೊಂದು ವರ್ಷದಿಂದ
ದೊಡ್ಡಾಸ್ಪತ್ರೆಯ ರಾತ್ರಿ ನನ್ನದು.
ಎರಡು ಕೋಟು ಬಣ್ಣದ ಅಡಿಯಿಂದಲೂ
'ಬೆಣ್ಣೆ ಬಿಸ್ಕತ್' ಇಣುಕುತ್ತದೆ
ಇಳಿಬಿಸಿಲು ಬಿದ್ದರೆ.

ಮಕ್ಕಳ ಪರೀಕ್ಷೆ ಮುಗಿದ ಮಾರನೆ ದಿನ ಹೊರಟೆವು.
ಮುಂದಿನ ಸೀಟಿನಲ್ಲಿ ಅತ್ತೆ ರೆಜಿನಮ್ಮ, ಮಡಿಲಲ್ಲಿ ಉಪ್ಪಿನಕಾಯಿ ಜಾಡಿ.
ಹಿಂದೆ ಜೆಸಿಂತ, ಬೆನ್ನಿ; ಇರುವುದೊಂದೇ ಬೈನಾಕ್ಯುಲರ್ರು,
ಮದ್ದೂರಿನ ತನಕ ಜಗಳ.

ಕೊಕ್ಕರೆ ಬೆಳ್ಳೂರಿನಲ್ಲಿ
ಚಿಕ್ಕತಾಯಮ್ಮನ ಹಿತ್ತಿಲಿಗೆ ವ್ಯಾನು ನಿಲ್ಲಿಸಿದೆವು, ಹುಣಿಸೆ ಮರದ ಕೆಳಗೆ.
ಮೇಲೆಲ್ಲ ಹೆಜ್ಜಾರ್ಲೆ.
ಗಂಟೆಯೊಳಗೆ ಬಿಸ್ಕತ್ತೂ ಇಲ್ಲ ಬಣ್ಣವೂ ಇಲ್ಲ,
ವ್ಯಾನಿಗೆ ಹಿಕ್ಕೆಯ ಸುಣ್ಣ.
'ಇವು ಎದ್ದೋಗೋಗಂಟ ಮರ ಬಡಿಯಂಗಿಲ್ಲ ಕಣವ್ವ,'
ಅಂದಳು ಚಿಕ್ಕತಾಯಮ್ಮ, ಸಾರಿಗೆ ಒಗ್ಗರಣೆ ಹಾಕುತ್ತ.
'ಮನೆ ಮುಂದೆ ಮರ. ಹುಣಸೇಹಣ್ಣು ಶೆಟ್ರಂಗ್ಡೀದು.'

ರಾತ್ರಿ ಎರಡಕ್ಕೆ ನನ್ನ ಕಾಲು ತಾನೇ ನೆಲಕ್ಕಿಳಿಯಿತು.
ಬೆನ್ನಿಗೆ ಹೊದಿಸಿದೆ. ಅತ್ತೆಯ ಉಸಿರು ಎಣಿಸಿದೆ.
ಹೊರಗೆ ಬಂದು ತಲೆ ಎತ್ತಿದರೆ
ಅಲ್ಲೂ ವಾರ್ಡು:
ಕೊಂಬೆಗೊಂದು ಹಾಸಿಗೆ, ಒಳಗೊಳಗೇ ನರಳುವ ಮರಿಗಳು,
ಕತ್ತು ಮಡಚಿ ಎಚ್ಚರವಿದ್ದ ಒಂದು ತಾಯಿ.
ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು ಅನ್ನಲಾರೆ.
ಅದು ನನ್ನ ಕಡೆ ತಿರುಗಿತ್ತು, ಅಷ್ಟೆ.

ಆಮೇಲೆ ದಡ್ಡೆಂದು ವ್ಯಾನಿನ ಮೇಲೆ ಏನೋ ಬಿತ್ತು.
ಏಣಿ ಹತ್ತಿದೆ. ಪುಕ್ಕ ಸರಿಯಾಗಿ ಮೂಡದ ಮರಿ,
ಮೈಗಿಂತ ಕೊಕ್ಕೇ ದೊಡ್ಡದು.
ನಾಡಿ ಎಲ್ಲಿ ಹಿಡಿಯಬೇಕು ಇದಕ್ಕೆ?
ಟವಲಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡರೆ
ಅರ್ಧ ಕರಗಿದ ಮೀನು ಕಕ್ಕಿತು ನನ್ನ ನೈಟಿಗೆ.
ಬದುಕುತ್ತದೆ ಅಂತ ಆಗ ಗೊತ್ತಾಯಿತು.

ಬೆಳಿಗ್ಗೆ ಮರಿಯನ್ನು ಚಿಕ್ಕತಾಯಮ್ಮನ ಬಲೆಗೂಡಿಗೆ ಬಿಟ್ಟು,
ಮಳವಳ್ಳಿ ದಾಟುವಾಗ ಜೆಸಿಂತಳ ಮಂಚದಲ್ಲಿ ಒರಗಿದ ನೆನಪು.
ಎದ್ದಾಗ ಇಂಜಿನ್ನಿನ ಸದ್ದಿಲ್ಲ, ಗಂಟೆ ಆರು,
ಹಿಂಬಾಗಿಲ ತುಂಬ ಕಬಿನಿಯ ಹಿನ್ನೀರು.
ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ಆನೆ! ಹದಿನೇಳು, ಅಂದಳು ಜೆಸಿಂತ.
ಇಪ್ಪತ್ತೆರಡು, ಅಂದ ಬೆನ್ನಿ, ನೀರಲ್ಲಿದ್ದವನ್ನು ಅವಳು ಬಿಟ್ಟಳಂತೆ.
ಅತ್ತೆಗೆ ಕಂಡದ್ದು ಒಂದೇ:
ಕೆಸರಲ್ಲಿ ಜಾರಿ ಕೂತ ಮರಿ,
ಅದರ ತಿಕಕ್ಕೆ ತಾಯಿ ಕೊಟ್ಟ ಮೆಲ್ಲನೆ ಒದೆ.
'ನಿನ್ನ ಗಂಡನಿಗೂ ಹೀಗೇ ಕೊಡಬೇಕಿತ್ತು ನಾನು.'

ಎಬ್ಬಿಸಬಾರದಿತ್ತಾ, ಅಂದೆ.
ಮರಿಜೋಸೆಫ್ ಒಲೆ ಹಚ್ಚುತ್ತಿದ್ದ,
ನಾಲ್ಕನೇ ಕಡ್ಡಿ.
'ಎರಡು ಸಲ ಬಂದೆ. ನೀನು ಬಾಯಿ ತೆರೆದು ಮಲಗಿದ್ದೆ.
ಮದುವೆಯಾದ ಮೇಲೆ ಹಾಗೆ ಮಲಗಿದ್ದು ನೋಡಿರಲಿಲ್ಲ.
ಇಂಜಿನ್ ಆಫ್ ಮಾಡಿ ಸುಮ್ಮನೆ ಕೂತೆ.'
ಆನೆ ನೋಡುತ್ತಲೋ ನನ್ನನ್ನೋ, ಕೇಳಲಿಲ್ಲ.
ಟೀಗೆ ಸಕ್ಕರೆ ಜಾಸ್ತಿಯಾಗಿತ್ತು. ಕುಡಿದೆ.

ರಾತ್ರಿ ಮತ್ತೆ ನಾಲ್ಕು ಮಂಚವೂ ಭರ್ತಿ.
ನಾನು ಮೆಟ್ಟಿಲ ಮೇಲೆ, ಕಾಲಡಿ ಇಬ್ಬನಿ ಹುಲ್ಲು.
ಕತ್ತಲ ಆಚೆ ದಡದಲ್ಲಿ ಯಾರೋ ನೀರು ಕುಡಿಯುತ್ತಿದ್ದರು,
ದೊಡ್ಡ ಗಂಟಲು, ಅವಸರವಿಲ್ಲದ ಗುಟುಕು.
ಟಾರ್ಚು ಕೈಯಲ್ಲೇ ಇತ್ತು.
ಕುಡಿದು ಮುಗಿಯಲಿ ಅಂತ ಕೂತೆ.