ಮೂಲೆಯಿಂದ ಮೂಲೆಗೆ

ಅಶೋಕ ರಸ್ತೆಯ ಮೊಬೈಲ್ ಅಂಗಡಿಯಲ್ಲಿ
ಕೊಟ್ರೇಶಿ ಎರಡನ್ನೂ ಮುಂದಿಟ್ಟ:
'ಇದು ಹನ್ನೊಂದು ಇಂಚು, ಇದು ಎಂಟೂ ಮುಕ್ಕಾಲು.
ಯಾವುದು ಕೊಡಲಿ ಅಕ್ಕಾರೆ?'

ಇಂಚಿನ ಮಾತು ಬಂದಮೇಲೆ ನಾನು ಸುಮ್ಮನಿರುವವಳೇ?
ಟೇಪು ಕೊರಳಲ್ಲೇ ಇತ್ತು. ಹಿಡಿದೆ.
ಅಗಲ ಒಂಬತ್ತೂ ಕಾಲು.
ಎತ್ತರ ಆರಕ್ಕೆ ಒಂದು ನೂಲು ಕಮ್ಮಿ.
'ಹನ್ನೊಂದು ಎಲ್ಲೈತಪ್ಪಾ?'

ಹುಡುಗ ನಕ್ಕ. 'ಹಂಗಲ್ರಿ,
ಈ ಮೂಲೆಯಿಂದ ಆ ಮೂಲೆಗೆ ಅಳೀಬೇಕು.'
ಕ್ರಾಸು!
ಮೂವತ್ತೊಂದು ವರ್ಷ ಬ್ಲೌಸು ಹೊಲಿದವಳಿಗೆ
ಕ್ರಾಸ್ ಕಟಿಂಗ್ ಹೇಳಿಕೊಡ್ತಾನೆ.
ಬಟ್ಟೆಯನ್ನು ಓರೆಗೆ ಹಿಡಿದರೆ ಒಂಚೂರು ಹಿಗ್ಗುತ್ತೆ,
ಮೈಗೆ ಒಗ್ಗುತ್ತೆ, ಅದಕ್ಕೇ ಓರೆ.
ಇದು ಎಲ್ಲಿ ಹಿಗ್ಗುತ್ತೆ?

ಅವತ್ತು ದುಡ್ಡು ಬಿಚ್ಚಲಿಲ್ಲ.
ಅಳತೆ ಬರಕೊಂಡು ಚೌಕಿಪೇಟೆಗೆ ಬಂದು
ಹಳೇ ಪೇಪರಿನಲ್ಲಿ ಎರಡನ್ನೂ ಕತ್ತರಿಸಿದೆ.
ಮೊದಲು ಕಾಗದ, ಆಮೇಲೆ ಬಟ್ಟೆ:
ನಮ್ಮಪ್ಪ ಪಾಂಡುರಂಗ ಸಿಂಪಿ ಕಲಿಸಿದ್ದು ಇಷ್ಟೇ,
ಬೈದಿದ್ದು ಜಾಸ್ತಿ.

ಹತ್ತು ದಿನ ಅವುಗಳ ಜೊತೆ ಬಾಳ್ವೆ ಮಾಡಿದೆ.
ಸಣ್ಣದು ಕೈಚೀಲದಲ್ಲಿ ಕತ್ತರಿಯ ಪಕ್ಕ ಕೂತು
ಪಿ.ಜೆ. ಬಡಾವಣೆಯ ಮದುವೆ ಮನೆಗೆ ಬಂತು,
ನಿಟುವಳ್ಳಿವರೆಗೆ ನಡಕೊಂಡು ಬಂತು,
ಭಾರ ಅನ್ನಿಸಲೇ ಇಲ್ಲ.
'ಕಾಗದಕ್ಕೆ ಏನು ಭಾರ' ಅಂದಳು ತಸ್ಮಿಯಾ,
ಕಾಜಾ ಹಾಕುತ್ತಾ, ತಲೆ ಎತ್ತದೆ.
ದೊಡ್ಡದಕ್ಕೆ ಮಷೀನಿನ ಚಕ್ರಕ್ಕೂ ಗೋಡೆಗೂ ನಡುವೆ
ಜಾಗ ಸಾಲದೆ ಸೊಂಟ ಬಾಗಿತು.
ಸಂಜೆ ಅದರ ಮೇಲೇ ಮಂಡಕ್ಕಿ ಸುರುವಿಕೊಂಡೆವು.
ಮಿರ್ಚಿಯ ಎಣ್ಣೆ ಇಳಿದು
ಪೇಪರಿನ ನಡುವೆ ಒಂದು ಕಿಟಕಿಯಾಯಿತು,
ಹಿಂದಿನ ಪುಟದ ಸುದ್ದಿ ಕಾಣುವಷ್ಟು.

ಆ ವಾರವೇ ಒಬ್ಬ ಮದುಮಗಳು ಬಂದಳು,
ಬ್ಲೌಸಿನ ಬೆನ್ನ ಮೇಲೆ
ಗಂಡನಾಗುವವನ ಹೆಸರು ಆರಿಯಲ್ಲಿ ಬೇಕೆಂದು.
ಅವಳ ಫೋನಿನಲ್ಲಿ ಆ ಡಿಸೈನು ಇರುವೆ ಸಾಲು.
ಕನ್ನಡಕ ಹಣೆಗೇರಿಸಿದೆ, ಇಳಿಸಿದೆ,
ದೂರ ಹಿಡಿದೆ, ಮೂಗಿಗೆ ತಂದೆ.
ಸೂಜಿಗೆ ದಾರ ಪೋಣಿಸಲು ತಸ್ಮಿಯಾಳನ್ನು ಕರೆಯುವುದು
ಯುಗಾದಿಯಿಂದ ಶುರುವಾಗಿದೆ.
ಗಿರಾಕಿಗಳಿಗೆ ಹೇಳಿಲ್ಲ.

ಯೂನಿಫಾರಂ ಹೊಲಿಸುವ ತಾಯಂದಿರದು ಒಂದೇ ಮಾತು:
'ಒಳಗೆ ಬಟ್ಟೆ ಬಿಡ್ರಿ, ಬೆಳೆಯೋ ಮೈ.'
ಬಿಡುತ್ತೇನೆ, ಎರಡು ಬೆರಳು.
ಬಾಣಂತನ ಮುಗಿಸಿ ಬಂದವಳಿಗೂ
ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಡುತ್ತೇನೆ,
ಹೊರಗೆಲ್ಲ ಮಾಸಿದ್ದರೂ
ಒಳಗೆ ಬಿಟ್ಟ ಬಟ್ಟೆ ಮದುವೆ ದಿನದ ಬಣ್ಣದಲ್ಲೇ ಇರುತ್ತೆ.
ಗಾಜಿಗೆ ಒಳಗೆ ಬಟ್ಟೆ ಬಿಟ್ಟವರು ಯಾರು?
ಬಿಚ್ಚಲು ಬರಲ್ಲ, ಹಿಡಿಯಲು ಬರಲ್ಲ.

ನನ್ನಲ್ಲಿ ಇನ್ನು ಬೆಳೆಯುವುದು
ಕನ್ನಡಕದ ನಂಬರು ಒಂದೇ.
ಅದರ ಅಳತೆಗೇ ತಗೊಂಡರಾಯಿತು.

ದೊಡ್ಡದನ್ನೇ ತಂದೆ.
ಮೂರೂವರೆ ಸಾವಿರ ಜಾಸ್ತಿ, ಏಳು ಲೈನಿಂಗ್ ಬ್ಲೌಸಿನ ಕೂಲಿ.
ಗೋಡೆಯ ಸಂದಿಯಲ್ಲಿ ಹಿಡಿಯಲಿಲ್ಲ, ಗೊತ್ತೇ ಇತ್ತು.
ಮಷೀನನ್ನೇ ಒಂದು ಗೇಣು ಈಚೆ ಎಳೆದೆವು,
ಬರೋರಿಗೆ ಹೋಗೋರಿಗೆ ಈಗ ಮೊಣಕಾಲು ತಗಲುತ್ತೆ.
ಮದುಮಗಳ ಬೆನ್ನಿನ ಕೆಲಸ ಅದರಲ್ಲಿ ಬೆನ್ನಿನಷ್ಟೇ ಕಂಡಿತು,
ಹುಡುಗನ ಹೆಸರಿನಲ್ಲಿ
ಒಂದು ದೀರ್ಘ ಬಿಟ್ಟುಹೋಗಿದ್ದೂ ಕಂಡಿತು.
ಫೋನಿನಲ್ಲಿ ಅವಳೇ ನೋಡಿರಲಿಲ್ಲ.

ಉಳಿದ ಖಣದ ತುಂಡಿನಲ್ಲಿ ಅದಕ್ಕೊಂದು ಚೀಲ ಹೊಲಿದೆ.
ಒಳಗೆ ಎರಡು ಬೆರಳು ಬಿಟ್ಟೆ.
'ಇದೇನು ಬೆಳೆಯುತ್ತಾ ಅಕ್ಕಾ?'
ಕೈ ಕೇಳಬೇಕಲ್ಲ.

ಸಣ್ಣ ಕಾಗದವನ್ನು ಮೊಳೆಗೆ ಸಿಕ್ಕಿಸಿದ್ದೆ,
ಗಿರಾಕಿಗಳ ಕಟಿಂಗ್ ಕಾಗದಗಳ ಜೊತೆ.
ಅವುಗಳ ಮೇಲೆಲ್ಲ ಒಂದೊಂದು ಹೆಸರು, ಇದಕ್ಕಿರಲಿಲ್ಲ.
ನಿನ್ನೆ ಯಾವುದೋ ತೋಳಿನ ಅಳತೆ ಹುಡುಕುವಾಗ ನೋಡಿದರೆ
ಮೂಲೆಯಲ್ಲಿ, ಪೆನ್ಸಿಲಿನಲ್ಲಿ,
ಯಾರಾದರೂ ಕೇಳಿದರೆ ಅಳಿಸಿಬಿಡುವಷ್ಟು ತೆಳ್ಳಗೆ:
ತಸ್ಮಿಯಾ.

ನೋಡದವಳ ಹಾಗೆ ಅಲ್ಲೇ ಸಿಕ್ಕಿಸಿದೆ.
ಈ ಶ್ರಾವಣಕ್ಕೆ ಎಷ್ಟು ಬ್ಲೌಸು ಬರುತ್ತವೋ
ನೋಡಬೇಕು.