ಕೂಡಿದ್ದು

ಎದ್ಫುವಿನಾಚೆ, ನೈಲಿನ ಪಡುವಣ ದಂಡೆಯಲ್ಲಿ
ಮರಳು ಜರಡಿ ಹಿಡಿಯುತ್ತ ಹದಿನೇಳನೆಯ ದಿನ
ಕೋತಿಯದೊಂದು ಮುಂಗೈ ಸಿಕ್ಕಿತು ನನಗೆ.
ಬಬೂನು. ಗಂಡು. ಎಂಟೋ ಒಂಬತ್ತೋ ವಯಸ್ಸು.
ಸತ್ತು ಐದೂವರೆ ಸಾವಿರ ವರ್ಷ,
ಪಿರಮಿಡ್ಡಿನ ಮೊದಲ ಕಲ್ಲಿಗೆ ಇನ್ನೂ
ಎಷ್ಟೋ ನೂರು ಬೇಸಿಗೆ ಬಾಕಿಯಿದ್ದ ಕಾಲ.

ಯಾವನೋ ದೊರೆ.
ಅವನ ಹೆಸರು ಹಿಡಿದಿಡುವ ಅಕ್ಷರ ಹುಟ್ಟಿರಲಿಲ್ಲ.
ಆನೆ ತರಿಸಿದ್ದ, ಕಾಡೆತ್ತು, ಮೊಸಳೆ, ನೀರಾನೆಯ ಮರಿ;
ಬೇಲಿಯೊಳಗಿಟ್ಟು ಸಾಕಿ, ತಾನು ಹೋಗುವಾಗ
ಸುತ್ತ ಮಲಗಿಸಿಕೊಂಡ.
ಆನೆಯ ಹೊಟ್ಟೆಯಲ್ಲಿ ಕೊನೆಯ ಊಟ ಹಾಗೇ ಇತ್ತು.

'ಜಗತ್ತಿನ ಮೊದಲ ಝೂ' ಅನ್ನುತ್ತಾರೆ ನಮ್ಮ ತಂಡದವರು
ಕ್ಯಾಮೆರಾ ಬಂದಾಗ.
ನಾನು ಬ್ರಷ್ಷು ಆಡಿಸುತ್ತಿರುತ್ತೇನೆ.

ಮುರಿದ ಮೂಳೆ ಅದು.
ಬೀಳುವ ಏಟಿಗೆ ಅಡ್ಡ ಎತ್ತಿದ ಕೈ
ಎಲ್ಲಿ ಮುರಿಯುತ್ತದೋ ಅಲ್ಲೇ.
ಆಮೇಲೆ ಕೂಡಿದೆ. ಗಂಟುಗಟ್ಟಿ, ತುಸು ಸೊಟ್ಟಗೆ,
ಕೆಲಸ ಕಲಿಯುವ ಹುಡುಗ ಜೋಡಿಸಿದ ಕುರ್ಚಿಯ ಕಾಲಿನಂತೆ.

ಮೂಳೆ ಕೂಡಲು ವಾರಗಳು ಬೇಕು.
ಅಷ್ಟು ವಾರ ಯಾರೋ ತಿನ್ನಿಸಿದ್ದಾರೆ, ನೀರು ಕುಡಿಸಿದ್ದಾರೆ.
ಹೊಡೆದವನೇ? ಅವನ ಕಣ್ಣು ತಪ್ಪಿಸಿ ಅವನ ಹೆಂಡತಿಯೇ?
ಕೂಡಿಹಾಕಿದ್ದು ಗೊತ್ತು, ಕೂಡಿದ್ದು ಗೊತ್ತು.
ನಡುವಿನದು ಮಣ್ಣು.

ಅಪ್ಪ ಗೀಜಾದ ಮೃಗಾಲಯದಲ್ಲಿ ಮೂವತ್ತೊಂದು ವರ್ಷ
ಪಂಜರ ತೊಳೆದ, ಬೀಗ ಹಾಕಿದ, ಬೀಗ ತೆಗೆದ.
ವಸಂತದ ಹಬ್ಬದ ದಿನ ಊರಿಗೆ ಊರೇ ಬಂದು
ಹುಲ್ಲಿನ ಮೇಲೆ ಚಾಪೆ ಹಾಸಿ ಉಪ್ಪುಮೀನು ಬಿಚ್ಚುತ್ತಿತ್ತು;
ಆ ರಾತ್ರಿ ಅಪ್ಪನ ಅಂಗಿಯಲ್ಲಿ ಮೀನು, ಸಿಂಹ ಎರಡೂ ನಾರುತ್ತಿದ್ದವು.

ಮಲಗಿಸುವಾಗ ರಾಜಕುಮಾರಿಯ ಕತೆ ಅವನಿಗೆ ಬಾರದು.
ಲಂಡನ್ನಿನ ಕೋಟೆಯ ಬಿಳಿಕರಡಿಯ ಕೊರಳಿಗೆ ಹಗ್ಗ ಬಿಗಿದು
ನದಿಗೆ ಮೀನು ಹಿಡಿಯಲು ಇಳಿಸುತ್ತಿದ್ದರಂತೆ.
ಅದೇ ಕೋಟೆಗೆ ಮುಂದೆ ಟಿಕೆಟ್ಟು ಬಂತಂತೆ, ಮೂರು ಬಿಡಿಕಾಸು,
ಇಲ್ಲವಾದರೆ ಸಿಂಹದ ಬಾಯಿಗೊಂದು ಬೆಕ್ಕು.
'ಯಾರ ಮನೆಯ ಬೆಕ್ಕಪ್ಪಾ?'
'ಪಕ್ಕದ ಮನೆಯದು. ಯಾವಾಗಲೂ ಪಕ್ಕದ ಮನೆಯದೇ.'

ನಮ್ಮದೇ ನದಿಯಿಳಿದು ಹೋದ ಜಿರಾಫೆಯ ಕತೆ ನನಗಿಷ್ಟ.
ಹಡಗಿನ ಅಟ್ಟಕ್ಕೆ ಕಂಡಿ ಕೊರೆದು, ಕತ್ತು ಹೊರಗಿಟ್ಟು
ಕಡಲು ದಾಟಿ, ಮರ್ಸೇಲ್ಸಿನಿಂದ ಪ್ಯಾರಿಸ್ಸಿಗೆ
ನಡೆದೇ ಹೋಯಿತು, ಜೊತೆಗೆ ಹಾಲಿನ ಹಸುಗಳು.
ಆ ವರ್ಷ ಅಲ್ಲಿಯ ಹೆಂಗಸರು
ತುರುಬನ್ನು ಅದರ ಎತ್ತರಕ್ಕೆ ಏರಿಸಿದರು.

ಒಂದನ್ನು ಅಪ್ಪ ಹೇಳಲಿಲ್ಲ. ಅವನ ನಲವತ್ತನೆಯ ದಿನ ಅಜ್ಜಿ ಹೇಳಿದಳು.
ಅಸ್ವಾನಿನಾಚೆಯ ಅವಳ ತಾತನ ತಮ್ಮ, ಸಾತ್ತಿ,
ಒಂಟೆಗಳ ಜೊತೆ ಹ್ಯಾಂಬರ್ಗಿಗೆ ಹೋದ.
ಒಂಟೆ ಮೇಯಿಸುವ ಕೆಲಸ ಅಂದುಕೊಂಡಿದ್ದ.
ಅಲ್ಲಿ ಅವನಿಗೂ ಒಂದು ಗುಡಿಸಲು ಕಟ್ಟಿದ್ದರು,
ಗುಡಿಸಲ ಸುತ್ತ ಒಂದು ಬೇಲಿ.
ಮಧ್ಯಾಹ್ನ ಮೂರಕ್ಕೆ ಅಡುಗೆ ಮಾಡಬೇಕು, ಐದಕ್ಕೆ ಉಣ್ಣಬೇಕು,
ದುಡ್ಡು ಕೊಟ್ಟವರು ನೋಡಬೇಕು.
ಹಿಂತಿರುಗಿ ಬಂದ ಸಾತ್ತಿ ಸಾಯುವ ತನಕ
ಗೋಡೆಗೆ ಮುಖ ಮಾಡಿ ಉಂಡ.

ಚೀಟಿ ಬರೆಯುತ್ತೇನೆ:
ಬಬೂನು, ಎಡ ಮುಂಗೈ, ಕೂಡಿದ ಮುರಿತ.
ಹತ್ತಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತೇನೆ,
ಮತ್ತೆ ತೆಗೆಯುತ್ತೇನೆ.

ಅಪ್ಪನ ಬಲಗೈ ಕಿರುಬೆರಳೂ ಹೀಗೇ, ಹೊರಕ್ಕೆ ಬಾಗಿತ್ತು.
'ಫುಲ್ಲಾ ಕಚ್ಚಿದಳು' ಎಂದು ನಗುತ್ತಿದ್ದ.
ಫುಲ್ಲಾ ಎಂದರೆ ಮಲ್ಲಿಗೆ. ಅವಳೂ ಬಬೂನೇ.
ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಮರುದಿನವೇ ಹೋಗಿ
ಎಡಗೈಯಲ್ಲಿ ಸೌತೆಕಾಯಿ ಚಾಚಿದನಂತೆ,
ಅವಳು ಬಹಳ ಹೊತ್ತು ನೋಡಿ, ತೆಗೆದುಕೊಂಡಳಂತೆ.

ಕಚ್ಚಿದ ದಿನ ಅಪ್ಪನ ಇನ್ನೊಂದು ಕೈಯಲ್ಲಿ
ಕೋಲಿತ್ತೇ?
ನಾನು ಕೇಳಲಿಲ್ಲ. ಚಿಕ್ಕವಳಿದ್ದೆ,
ಕತೆ ಚೆನ್ನಾಗಿತ್ತು.