ಬಲೆ ಯಾರದ್ದು

ಮೇ ತಿಂಗಳು. ಲಿಂಗನಮಕ್ಕಿ ಹಿನ್ನೀರು ಇಳಿದು
ಮುಳುಗಿದ ಊರಿನ ಮೆಟ್ಟಿಲು ಮೇಲೆದ್ದಿತ್ತು.
ಅಲ್ಲೇ ಬಲೆ ಹರವಿ ಕೂತಿದ್ದಳು ರೂತಮ್ಮ.
ನಾನು, ಉಪದೇಶಿ, ನಾಳೆಯ ಪ್ರಸಂಗ ಒಪ್ಪಿಸಿದೆ:
ತೂರ್ ಪಟ್ಟಣ ಸೊಕ್ಕಿತ್ತು, ಹಡಗು ಹಡಗು ಬೆಳ್ಳಿ;
ಪ್ರವಾದಿ ನುಡಿದ, ಬೋಳುಬಂಡೆಯಾಯಿತು,
ಬಲೆ ಒಣಗುವ ಜಾಗ.

ಅವಳು ಗಂಟು ಬಿಡಿಸುತ್ತಲೇ ಇದ್ದಳು.
‘ಇದು ನಮ್ಮತ್ತೆ ಭತ್ತ ಕುಟ್ಟಿದ ಒರಳು.
ಅವರ ಹತ್ರ ಹಡಗಿರಲಿಲ್ಲ, ಉಪದೇಶಿಗಳೇ.
ದೀಪ ಹತ್ತಿದ್ದೂ ಬೇರೆಯವರ ಮನೇಲಿ.’

ಕೆಮ್ಮಿದೆ. ಪುಟ ಮಗುಚಿದೆ. ಮುಂದಿನ ವಚನವೂ ನೀರೇ.

‘ಇರಲಿ. ಆ ಬಂಡೆ ಮೇಲಿನ ಬಲೆ
ಯಾರದ್ದು? ಹೆಸರು ಬರೆದಿದ್ದಾರಾ?’

ಬರೆದಿಲ್ಲ.

ಭಾನುವಾರ ಪೀಠದಲ್ಲಿ ವೇದಪುಸ್ತಕ ತೆರೆದರೆ
ಅದೇ ಸಾಲಿಗೆ ಅಂಟಿತ್ತು
ಒಂದು ಮೀನಿನ ಹುರುಪೆ.
ಕೆರೆಯಲಿಲ್ಲ.
ಬೇರೆ ವಚನ ಓದಿದೆ.